ಬಾಯಿ ಸೊಟ್ಟಗಾದರೆ ಲಕ್ವವೇ?

ಪ್ರಶ್ನೆ: ಬೆಳಿಗ್ಗೆ ಏಳುವಾಗ ಬಾಯಿ ಎಡಕ್ಕೆ ಸೊಟ್ಟಗಾಗಿ, ಬಲಗಣ್ಣು ಮುಚ್ಚದಿದ್ದರೆ ಅದು ಲಕ್ವವೇ ಡಾಕ್ಟ್ರೇ? ಹೇಗೆ ಗುರುತಿಸುತ್ತೀರಿ?

ಉತ್ತರ: ಮೊದಲು ಹುಬ್ಬು ಮೇಲೆತ್ತಲು ಹೇಳುತ್ತೇವೆ. ಬಲ ಹಣೆಯಲ್ಲೂ ನೆರಿಗೆ ಮೂಡದಿದ್ದರೆ ಮುಖದ ನರದ್ದೇ ತೊಂದರೆ, ಹೆಚ್ಚಾಗಿ ಬೆಲ್ಸ್ ಪಾಲ್ಸಿ (ಈ ನರ ಸೋತು ಮುಖದ ಒಂದು ಬದಿ ಹಠಾತ್ತನೆ ಬಲಹೀನವಾಗುವುದು). ಹಣೆಗೆ ಮಿದುಳಿನ ಎರಡೂ ಬದಿಯಿಂದ ಸಂಕೇತ ಬರುವುದರಿಂದ ಲಕ್ವದಲ್ಲಿ, ಅಂದರೆ ಮಿದುಳಿನ ಆಘಾತದಲ್ಲಿ, ಹಣೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಇದನ್ನೇ ನೆಚ್ಚಿ ಮನೆಯಲ್ಲಿ ಕೂರಬೇಡಿ: ಮಿದುಳುಕಾಂಡದ (ಮಿದುಳಿನ ಬುಡದ ಭಾಗದ) ಲಕ್ವ ಹಣೆಯನ್ನೂ ಹಿಡಿಯಬಲ್ಲದು. ಕೂಡಲೇ ಆಸ್ಪತ್ರೆಗೆ ಬನ್ನಿ. ಕೈಕಾಲು ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಲಕ್ವಕ್ಕೆ ಕಾರಣವಾದ ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು; ರೋಗಿ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ ಲೆಕ್ಕ. ಬೆಲ್ಸ್ ಪಾಲ್ಸಿಗೆ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡುತ್ತೇವೆ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ. ಮುಚ್ಚದ ಕಣ್ಣಿಗೆ ಹಗಲು ತೇವದ ಹನಿ, ರಾತ್ರಿ ಮುಲಾಮು ತಪ್ಪಿಸಬೇಡಿ, ಒಣಗಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ.