ಬಣ್ಣ ಸಿಪ್ಪೆ ಏಳುವುದಕ್ಕೆ ಬ್ರಾಂಡ್ ಕಾರಣ ಅಲ್ಲ

ಪ್ರಶ್ನೆ: 1/72 ಅಳತೆಯ ವಿಮಾನದ ಪ್ಲಾಸ್ಟಿಕ್ ಕಿಟ್ ಜೋಡಿಸಿ, ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕ ಅಕ್ರಿಲಿಕ್ ಬಣ್ಣ ಹಚ್ಚಿದೆ. ಬ್ರಷ್‌ನ ಗೆರೆಗಳು ಎದ್ದು ಕಾಣುತ್ತಿವೆ, ಉಗುರು ತಾಗಿದರೆ ಬಣ್ಣ ಏಳುತ್ತಿದೆ. ಫೆವಿಕಾಲ್ ಬೆರೆಸಿದರೆ ಹಿಡಿಯುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ನಿಜವಾ? ಇಲ್ಲ, ವಿದೇಶಿ ಬಣ್ಣವೇ ತರಿಸಬೇಕಾ? (ಸಕಲೇಶಪುರ)

ಮಳೆ ಹಿಡಿದ ಕೂಡಲೇ ಈ ಪ್ರಶ್ನೆ ಬರಲು ಶುರುವಾಗುತ್ತದೆ, ಜೊತೆಗೆ ಆ ಫೆವಿಕಾಲ್ ಕಥೆಯೂ. ಮೊದಲು ಅದನ್ನೇ ಮುಗಿಸುತ್ತೇನೆ. ಸಾಮಾನ್ಯ ಬಿಳಿ ಫೆವಿಕಾಲ್ ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ. ಅದನ್ನು ಬಣ್ಣಕ್ಕೆ ಬೆರೆಸಿ ಎಂದು ಹೇಳುವವರು ಜುಲೈನಲ್ಲಿ ಒಮ್ಮೆ ನಿಮ್ಮೂರಿಗೆ ಬಂದು ಹೋಗಲಿ.

ಬಣ್ಣ ಏಳುವುದಕ್ಕೆ ಕಾರಣ ಬಣ್ಣದ ಕೆಳಗಿದೆ. ಕಿಟ್‌ನ ಭಾಗಗಳ ಮೇಲೆ ಅಚ್ಚಿನ ಎಣ್ಣೆ, ನಿಮ್ಮ ಬೆರಳಿನ ಜಿಡ್ಡು ಎರಡೂ ಇರುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಅಡಿ ಪದರ. ಇದನ್ನು ಬಿಟ್ಟರೆ ಸ್ಪೇನ್‌ನ ವಯೆಹೊ ಮಾಡೆಲ್ ಕಲರ್ ಹಚ್ಚಿದರೂ ಉಗುರಿಗೆ ಏಳುತ್ತದೆ. ದುಡ್ಡು ಜಾಸ್ತಿ ಕೊಟ್ಟ ಬಣ್ಣ ಬರೀ ಪ್ಲಾಸ್ಟಿಕ್ಕನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ.

ಕಾರಿನ ಬಣ್ಣದ ಅಂಗಡಿಯಲ್ಲಿ ಸಿಗುವ ಸ್ಪ್ರೇ ಪ್ರೈಮರ್ ನಡೆಯುತ್ತದೆ. ಆದರೆ ಕೆಲವು ಡಬ್ಬಿಗಳ ದ್ರಾವಕ ಕಿಟ್‌ನ ಪ್ಲಾಸ್ಟಿಕ್ಕನ್ನೇ (ಪಾಲಿಸ್ಟೈರೀನ್) ತಿನ್ನುತ್ತದೆ. ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟು ಮಿಕ್ಕಿರುತ್ತದಲ್ಲ, ಮೊದಲು ಅದರ ಮೇಲೆ ಹೊಡೆದು ನೋಡಿ. ಒಂದಡಿ ದೂರದಿಂದ, ತೆಳುವಾಗಿ, ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು. ಸುರಿಯುವ ಮಳೆಯಲ್ಲಿ ಮಾತ್ರ ಹೊಡೆಯಲೇಬೇಡಿ. ತೇವ ಸಿಕ್ಕಿಕೊಂಡು ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ಬಿಸಿಲು ಬರುವವರೆಗೆ ಕಾಯಲು ಆಗದಿದ್ದರೆ ಬ್ರಷ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ತರಿಸಿ.

ಇನ್ನು ಗೆರೆಗಳ ವಿಷಯ. ನೀವು ಬಣ್ಣವನ್ನು ಟ್ಯೂಬಿನಿಂದ ತೆಗೆದು ಹಾಗೇ ಹಚ್ಚಿದ್ದೀರಿ, ಬರೆಯದಿದ್ದರೂ ಗೊತ್ತಾಗುತ್ತದೆ. ತಟ್ಟೆಯಲ್ಲಿ ಹನಿಹನಿಯಾಗಿ ನೀರು ಬೆರೆಸಿ, ಹಾಲಿನಷ್ಟು ತೆಳು ಮಾಡಿ. ಬ್ರಷ್ ಅದ್ದಿದ ಮೇಲೆ ಟಿಶ್ಯೂ ಮೇಲೆ ಒಮ್ಮೆ ಒತ್ತಿ. ಮೊದಲ ಸಲ ಹಚ್ಚಿದಾಗ ಕೆಳಗಿನ ಪ್ರೈಮರ್ ಇಣುಕುತ್ತದೆ. ಇಣುಕಲಿ ಬಿಡಿ. ಹೆಚ್ಚಿನವರು ಹೆದರಿ ಇಲ್ಲೇ ದಪ್ಪ ಬಳಿದು ಕೆಡಿಸುವುದು. ಎರಡು ಮೂರು ಸಲ ತೆಳ್ಳಗೆ ಹಚ್ಚಿದರೆ ತಾನಾಗಿ ಮುಚ್ಚುತ್ತದೆ, ವಿಮಾನದ ತಗಡುಗಳು ಕೂಡುವ ಗೆರೆಗಳು, ರಿವೆಟ್‌ಗಳೂ ಉಳಿಯುತ್ತವೆ. ಹಾಗಂತ ನೀರು ಮಿತಿಮೀರಬಾರದು. ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಸಾಲದೆ ಬಣ್ಣ ಅಲ್ಲಲ್ಲಿ ಮಡುಗಟ್ಟುತ್ತದೆ. ಇನ್ನೂ ತೆಳು ಬೇಕಾದರೆ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣದ ಪುಡಿ ಇಲ್ಲದ ಅದೇ ಅಂಟು, ಬೆರೆಸಿ.

ಅಕ್ರಿಲಿಕ್‌ನಲ್ಲಿ ನೀರು ಆರಿದ ಮೇಲೆಯೇ ಅಂಟಿನ ಕಣಗಳು ಒಂದಕ್ಕೊಂದು ಕೂಡಿ ಪದರ ಆಗುವುದು. ಮಲೆನಾಡಿನ ತೇವದಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಅರ್ಧ ಆರಿದ್ದರ ಮೇಲೆ ಮತ್ತೆ ಬ್ರಷ್ ಎಳೆದರೆ ಕೆಳಗಿನದ್ದು ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಬಿಡುತ್ತಿದ್ದರೆ ಈಗ ಎರಡು ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆ ಗಾಳಿ ಮಾತ್ರ. ಬಿಸಿ ಗಾಳಿಗೆ ಸಣ್ಣ ಭಾಗಗಳು ಸೊಟ್ಟಗಾಗುತ್ತವೆ.

ಹಾಗಾದರೆ ವಿದೇಶಿ ಬಣ್ಣದಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲವಾ? ಇದೆ. ಮಾಡೆಲ್‌ಗೆಂದೇ ಮಾಡಿದ ಬಣ್ಣದ ಪುಡಿ ನುಣ್ಣಗಿರುತ್ತದೆ, ತೆಳು ಮಾಡಿದರೂ ಮುಚ್ಚುತ್ತದೆ. ನಮ್ಮ ಕ್ಯಾಮೆಲ್ ಅಕ್ರಿಲಿಕ್‌ನಲ್ಲೂ ಕಲಿಯಬಹುದು, ಸಹನೆ ಜಾಸ್ತಿ ಬೇಕು ಅಷ್ಟೆ. ಬಟ್ಟೆಗೆ ಹಚ್ಚುವ ಬಣ್ಣ ಮಾತ್ರ ಬೇಡ. ಬಟ್ಟೆಯ ಜೊತೆ ಬಾಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಮಾಡೆಲ್ ಮೇಲೆ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ. ಒಮ್ಮೆಗೇ ದೊಡ್ಡ ಸೆಟ್ ತರಿಸಬೇಡಿ. ಕಪ್ಪು, ಬಿಳಿ, ಕಂದು, ಜೊತೆಗೆ ನಿಮ್ಮ ವಿಮಾನಕ್ಕೆ ಬೇಕಾದ ಎರಡು ಬಣ್ಣ ಸಾಕು.

ಪ್ರಶ್ನೆ: ಹಳದಿ ಎಷ್ಟು ಸಲ ಹಚ್ಚಿದರೂ ಮುಚ್ಚುವುದಿಲ್ಲ. (ಅರಸೀಕೆರೆ)

ಅದು ಹಳದಿಯ ಗುಣ, ಕೆಂಪಿನದೂ ಅದೇ. ಅಡಿಯಲ್ಲಿ ಬಿಳಿ ಅಥವಾ ತಿಳಿ ಗುಲಾಬಿ ಹಚ್ಚಿ.

ಪ್ರಶ್ನೆ: ಬೇಲೂರು ದೇವಸ್ಥಾನದ ಪುಟ್ಟ ಮಾದರಿ ಮಾಡುತ್ತಿದ್ದೇನೆ. ಯಾವ ಕಪ್ಪು ಒಳ್ಳೆಯದು? (ಚಿಕ್ಕಮಗಳೂರು)

ಯಾವ ಕಪ್ಪೂ ಅಲ್ಲ. ಬೇಲೂರು ನಿಮಗೆ ಒಂದು ಗಂಟೆಯ ದಾರಿಯೂ ಅಲ್ಲ, ಹೋಗಿ ನೋಡಿ ಬರಬಾರದಾ? ಅದು ಬಳಪದ ಕಲ್ಲು. ಹಸಿರು ಬೆರೆತ ಬೂದು ಬಣ್ಣ ಹಚ್ಚಿ, ಒಣಗಿದ ಮೇಲೆ ತುಂಬ ತೆಳುವಾದ ಕಪ್ಪು-ಕಂದು ನೀರನ್ನು ಕೆತ್ತನೆಯ ಸಂದಿಗಳಿಗೆ ಇಳಿಸಿ. ಕೊನೆಗೆ ಹೆಚ್ಚುಕಮ್ಮಿ ಒಣಗಿದ ಬ್ರಷ್‌ನಲ್ಲಿ ತಿಳಿ ಬೂದು ಬಣ್ಣವನ್ನು ಅಂಚುಗಳ ಮೇಲಷ್ಟೇ ಸವರಿ.

ಪ್ರಶ್ನೆ: ಪುಟ್ಟ ಸೈನಿಕ ಗೊಂಬೆಗಳ ಕಣ್ಣು ಬರೆಯಲು ಮೂರು ಸೊನ್ನೆಯ ಬ್ರಷ್ ಬೇಕಲ್ವಾ? (ಹಾಸನ)

ಬೇಡ. ಅಷ್ಟು ಸಣ್ಣ ಬ್ರಷ್‌ನಲ್ಲಿ ಬಣ್ಣ ಕಣ್ಣಿಗೆ ತಲುಪುವ ಮೊದಲೇ ಒಣಗುತ್ತದೆ. ಮೊನೆ ಚೂಪಾಗಿರುವ 1ನೇ ನಂಬರ್ ತೆಗೆದುಕೊಳ್ಳಿ. ಆ ಮೊನೆಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ವಿಷಕಾರಿ ಲೋಹಗಳು ಇರುತ್ತವೆ.