ಏಕವಚನದ ಗೆಳೆಯರು

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸ, ಮನೆ ಎಲ್ಲ ಸರಿಹೋಗಿದೆ ಅಂದಿದ್ದೀರಿ. ಆದರೆ ಊರಿನ ಗೆಳೆಯರ ವಾಟ್ಸಾಪ್ ಗುಂಪು ತಣ್ಣಗಾಗುತ್ತಿದೆ, ಇಲ್ಲಿ ಹೊಸಬರು ಯಾರೂ ಹತ್ತಿರ ಬರುತ್ತಿಲ್ಲ, ಇದು ಹೀಗೇನಾ ಅಂತ ಕೇಳಿದ್ದೀರಿ. ನಾನು ಬಂದು 17 ವರ್ಷ ಆಯಿತು. ನನಗೂ ಮೊದಲ ವರ್ಷ ಹೀಗೇ ಇತ್ತು.

ಗುಂಪಿನ ಚಿಂತೆ ಬಿಡಿ. ನಮ್ಮ ಹಾಸ್ಟೆಲ್ ಗುಂಪಲ್ಲಿ ಈಗ ಬರುವುದು ಹಬ್ಬದ ಶುಭಾಶಯದ ಚಿತ್ರಗಳು ಮಾತ್ರ. ಉಳಿದವನು ಒಬ್ಬ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದಾನೆ. ಸಂಜೆ ಆರಕ್ಕೆ ಮಂಡಿ ಬಾಗಿಲು ಹಾಕಿ ಮನೆಗೆ ನಡೆಯುತ್ತಾ ಫೋನ್ ಮಾಡುತ್ತಾನೆ. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನನಗಾಗ ಮಧ್ಯಾಹ್ನ ಒಂದೂವರೆ, ಊಟದ ಹೊತ್ತು. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಮುಂದಕ್ಕೆ ಹಾಕುತ್ತಾರೆ. ಆಮೇಲೆ ಅವನ ಫೋನ್ ಸರಿಯಾಗಿ ಮೀಟಿಂಗ್ ನಡುವೆ ಬರುತ್ತದೆ. ಎಷ್ಟು ಸಲ ಹೇಳಿದರೂ ಅವನ ತಲೆಗೆ ಹೋಗಿಲ್ಲ. ಕ್ವಿಂಟಲ್‌ಗೆ ಇವತ್ತು ಏನು ರೇಟು ಅಂತ ಶುರು ಮಾಡುತ್ತಾನೆ. ನನಗೆ ಕೊಬ್ಬರಿ ರೇಟು ಕಟ್ಟಿಕೊಂಡು ಏನಾಗಬೇಕು? ಆದರೂ ಕೇಳುತ್ತೇನೆ. ಹಿಂದೆ ಬೈಕಿನ ಹಾರನ್ನು, ನಡುವೆ ಯಾರಿಗೋ ‘ಬಂದೆ ಕಣಪ್ಪಾ’ ಅನ್ನುವ ಅವನ ಕೂಗು.

ಅವನ ತಂಗಿಯ ಮದುವೆಗೆ ನಾನು ಹೋಗಲಿಲ್ಲ. ರಜೆ ಸಿಗಲಿಲ್ಲ ಅಂದೆ. ನಿಜ ಹೇಳಬೇಕಂದ್ರೆ ಕೇಳಿಯೇ ಇರಲಿಲ್ಲ. ಎಂಟು ತಿಂಗಳು ಮಾತು ಬಿಟ್ಟ. ಆ ವರ್ಷ ಊರಿಗೆ ಹೋದಾಗ, ಬರುತ್ತಾನೆ ಅನ್ನುವ ನಂಬಿಕೆಯೇ ಇರಲಿಲ್ಲ. ತಿಪಟೂರು ಸ್ಟೇಷನ್ನಿನಲ್ಲಿ ನಿಂತಿದ್ದ. ‘ಏನ್ಲಾ, ಹಿಂಗ್ ಊದ್ಕಂಡಿದೀಯ’ ಅಂತ ಬ್ಯಾಗ್ ಕಿತ್ತುಕೊಂಡ. ಮದುವೆ ವಿಷಯ ಇವತ್ತಿಗೂ ಎತ್ತಿಲ್ಲ.

ನನ್ನನ್ನು ಹಾಗೆ ‘ಲಾ’ ಅನ್ನುವವರು ಈ ಊರಲ್ಲಿ ಯಾರೂ ಇಲ್ಲ. ಜರ್ಮನ್‌ನಲ್ಲೂ ನಮ್ಮ ಹಾಗೆ ಎರಡು ಇವೆ, ಡು ಅಂದರೆ ನೀನು, ಝೀ ಅಂದರೆ ನೀವು. ಎಷ್ಟೋ ಆಫೀಸುಗಳಲ್ಲಿ ಮೊದಲ ದಿನವೇ ಡು ಅನ್ನುತ್ತಾರೆ. ಅದನ್ನು ಗೆಳೆತನ ಅಂದುಕೊಳ್ಳಬೇಡಿ, ನಾನು ಅಂದುಕೊಂಡು ಪೆಚ್ಚಾಗಿದ್ದೆ. ಎದುರು ಮನೆಯ ಅಜ್ಜಿ ನಾಲ್ಕು ವರ್ಷ ಝೀ ಅಂದರು. ಡು ಅನ್ನೋಣ ಅಂತ ದೊಡ್ಡವರೇ ಹೇಳಬೇಕು, ನಾವು ಮೊದಲು ಬಾಯಿ ಬಿಡುವಂತಿಲ್ಲ. ಒಂದು ಸಂಜೆ ಅವರ ಸೇಬಿನ ಪೆಟ್ಟಿಗೆ ಮೇಲಕ್ಕೆ ತಂದುಕೊಟ್ಟೆ. ಮೆಟ್ಟಿಲ ಮೇಲೇ ನಿಂತು, ಕೈ ಚಾಚಿ, ತಮ್ಮ ಹೆಸರು ಹೇಳಿದರು. ಅಷ್ಟೇ, ಅವತ್ತಿಂದ ಡು. ಅಷ್ಟು ವಯಸ್ಸಾದವರನ್ನು ನಾನು ‘ನೀನು’ ಅನ್ನುವುದು ನಮ್ಮವ್ವನಿಗೆ ಗೊತ್ತಾದರೆ ಬೆನ್ನಿಗೆ ಬೀಳುತ್ತದೆ.

ಇಲ್ಲಿ ಯಾರು ನಮ್ಮವರು ಅಂತ ಗೊತ್ತಾಗುವುದು ಮನೆ ಬದಲಾಯಿಸುವಾಗ. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿ. ಸಿಂಕು, ಒಲೆ, ಕಪಾಟು ಎಲ್ಲ ನಮ್ಮದೇ, ಬಿಚ್ಚಿ ಹೊತ್ತೊಯ್ಯಬೇಕು. ಯಾರಾದರೂ ಕರೆದರೆ ತಪ್ಪಿಸಬೇಡಿ. ನನಗೆ ಇಲ್ಲಿ ಸಿಕ್ಕ ಇಬ್ಬರೂ ಮೂರನೇ ಮಹಡಿಗೆ ಫ್ರಿಡ್ಜ್ ಹೊರುವಾಗ ಸಿಕ್ಕವರು.

ತಿಪಟೂರಿನಂಥವನು ನಿಮಗೂ ಒಬ್ಬ ಇರುತ್ತಾನೆ ಅಲ್ವಾ? ಅವನಿಗೆ ಇವತ್ತೇ ಫೋನ್ ಮಾಡಿ. ಸುಮ್ನೆ ಮಾಡ್ದೆ ಕಣೋ ಅಂದರೆ ಸಾಕು.

ಅಂದಹಾಗೆ ಮುಂದಿನ ತಿಂಗಳು ನಾವೂ ಮನೆ ಬದಲಾಯಿಸುತ್ತಿದ್ದೇವೆ. ಮಧ್ಯಾಹ್ನಕ್ಕೆ ಚಿತ್ರಾನ್ನ ಇರುತ್ತದೆ. ಬರ್ತೀರಾ?