ಮಗುವಿನ ಜೀನ್ ಸಂಶೋಧನೆಗೆ ರಕ್ತ ಕೊಡುತ್ತಿದ್ದೇವೆ. ಒಪ್ಪಿಗೆ ಫಾರ್ಮಿನಲ್ಲಿ ಫಲಿತಾಂಶ ಎಲ್ಲವೂ ಬೇಕು ಅಂತ ಗುರುತು ಹಾಕಲೇ, ಬೇಡವೇ? ಗುಣ ಮಾಡುವ ಔಷಧಿ ಇಲ್ಲದ ಮೇಲೆ ತಿಳಿದು ಏನು ಪ್ರಯೋಜನ ಅಂತಾರೆ ಮನೆಯವರು.

ನಿಮ್ಮ ಫಾರ್ಮಿನ ಆ ಮೂರು ಚೌಕ ನನಗೆ ಬಾಯಿಪಾಠ. ಎಲ್ಲ ಬೇಕು (ಮುಂದೆ ಬರಬಹುದಾದ ಬೇರೆ ಕಾಯಿಲೆಗಳ ಸುಳಿವೂ ಸೇರಿ), ಮಗುವಿನ ಕಾಯಿಲೆಗೆ ಸಂಬಂಧಪಟ್ಟದ್ದು ಮಾತ್ರ ಸಾಕು, ಏನೂ ಬೇಡ. ನೀವು ಎಲ್ಲ ಬೇಕು ಅಂತೀರಿ, ನಿಮ್ಮ ಮನೆಯವರು ಬೇಡ ಅಂತಾರೆ. ನಮ್ಮಲ್ಲೂ ಇದೇ ಜಗಳ ಆಗಿತ್ತು. 2018ರ ಜೂನ್, ಬೆಂಗಳೂರಿನ ಆಸ್ಪತ್ರೆಯೊಂದರ ಕ್ಯಾಂಟೀನು, ಎದುರಿಗೆ ಆರಿಹೋದ ಎರಡು ಕಾಫಿ.

ಮಗಳಿಗೆ ಮೂರನೇ ಸಲದ ಲಸಿಕೆ ಇಂಜೆಕ್ಷನ್ ತಡವಾಗಿತ್ತು, ಐದನೇ ತಿಂಗಳಲ್ಲಿ ಹಾಕಿಸಿದೆವು. ಅವತ್ತು ಸಂಜೆ ಜ್ವರ, ಜ್ವರದ ಜೊತೆಗೇ ಫಿಟ್ಸ್. ಇಪ್ಪತ್ತೈದು ನಿಮಿಷ ನಿಲ್ಲಲಿಲ್ಲ. ಆಮೇಲೆ ಪ್ರತಿ ಜ್ವರಕ್ಕೂ ಅದೇ. ನಂಜನಗೂಡಿನ ನಮ್ಮ ಬೀದಿಯಲ್ಲಿ ಎಲ್ಲರ ತೀರ್ಪೂ ರೆಡಿ ಇತ್ತು. ಅರ್ಧ ಜನ ಇಂಜೆಕ್ಷನ್ನಿಂದ ಅಂದರು. ಇನ್ನರ್ಧ ಜನ ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಅಂದರು. ನಾನು ಸೋದರತ್ತೆ ಮಗಳನ್ನೇ ಮಾಡಿಕೊಂಡವನು. ನಮ್ಮಮ್ಮ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಅವರು ಸುಮ್ಮನಿದ್ದ ರೀತಿ ನನ್ನ ಹೆಂಡತಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಎರಡೂವರೆ ವರ್ಷವಾದಾಗ ಆ ಸಂಶೋಧನೆಗೆ ಸೇರಿಸಿದೆವು. ಮೂರು ಜನರ ರಕ್ತ ತೆಗೆದುಕೊಂಡರು, ಮಗುವಿನದು, ಹೆಂಡತಿಯದು, ನನ್ನದು. ಚೌಕದ ವಿಷಯಕ್ಕೆ ಮುಕ್ಕಾಲು ಗಂಟೆ ಕಿತ್ತಾಡಿದೆವು. "ದೊಡ್ಡವಳಾದ ಮೇಲೆ ಬರೋ ಕ್ಯಾನ್ಸರ್ ವಿಷಯ ನನಗೆ ಈಗಲೇ ಯಾಕೆ? ದಿನಾ ಅವಳ ತಲೆ ಬಾಚುವಾಗ ಅದೇ ನೆನಪಾಗುತ್ತೆ" ಅಂದಳು. ಕೊನೆಗೆ ನಡುವಿನ ಚೌಕಕ್ಕೆ ಗುರುತು ಹಾಕಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಪುಟ ತಿರುಗಿಸಿದೆ.

ಕೊನೆ ಪುಟ. ಸಂಪರ್ಕಿಸಬೇಕಾದವರು ಯಾರು? ನನ್ನ ಹೆಸರು ಬರೆದೆ. ಫೋನ್ ನಂಬರ್? ಕಂಪನಿ ಕೊಟ್ಟಿದ್ದ ಸಿಮ್ಮಿನದು. ವಿಳಾಸ? ಮೈಸೂರಿನ ಬಾಡಿಗೆ ಮನೆಯದು. ಇನ್ನೊಂದು ನಂಬರಿಗೆ ಜಾಗ ಇತ್ತು, ಅಲ್ಲೊಂದು ಗೀಟು ಎಳೆದೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ಅವಳ ನಂಬರ್ ನನಗೆ ಬಾಯಿಗೆ ಬರುತ್ತಿತ್ತು. ಬರೆಯಲಿಲ್ಲ. ಕೆಟ್ಟ ಸುದ್ದಿಯಾದರೆ ಮೊದಲು ನನಗೆ ತಿಳಿಯಲಿ, ಆಮೇಲೆ ನಿಧಾನವಾಗಿ ನಾನೇ ಹೇಳುತ್ತೇನೆ ಅಂದುಕೊಂಡೆ. ಆಗ ಅದು ನನಗೆ ಪ್ರೀತಿ ಅನ್ನಿಸಿತ್ತು. ಸುಮ್ನೆ ಯಜಮಾನಿಕೆ ಅದು.

2019ರ ಫೆಬ್ರವರಿಯಲ್ಲಿ ಕೆಲಸ ಬಿಟ್ಟೆ. ಸಿಮ್ ವಾಪಸ್ ಕೊಟ್ಟೆ. ಮೈಸೂರಿನ ಮನೆ ಖಾಲಿ ಮಾಡಿ ಊರಿಗೆ ಬಂದೆವು. ಬ್ಯಾಂಕಿಗೆ ಹೊಸ ನಂಬರ್ ಕೊಟ್ಟೆ, ಗ್ಯಾಸಿಗೆ ಕೊಟ್ಟೆ, ಚೀಟಿ ನಡೆಸುವವರಿಗೂ ಕೊಟ್ಟೆ. ಸಂಶೋಧನೆಯವರ ನೆನಪೇ ಬರಲಿಲ್ಲ. ಯಾವಾಗಲಾದರೂ ಬಂದರೂ, "ಅವರೇ ಫೋನ್ ಮಾಡ್ತೀವಿ ಅಂದಿದ್ದರಲ್ಲ, ಮಾಡಿಲ್ಲ ಅಂದರೆ ಏನೂ ಸಿಕ್ಕಿಲ್ಲ" ಅಂದುಕೊಂಡು ಸುಮ್ಮನಾಗುತ್ತಿದ್ದೆ. ಮಾಡುತ್ತಿದ್ದರು ಸ್ವಾಮಿ, ನನ್ನ ಕೈಲಿಲ್ಲದ ಸಿಮ್ಮಿಗೆ.

ಅಷ್ಟರಲ್ಲಿ ಮಗಳಿಗೆ ಎಣ್ಣೆನೀರು ಹಾಕುವಾಗಲೂ ಫಿಟ್ಸ್ ಬರತೊಡಗಿತು. ತಲೆಗೆ ಬಿಸಿನೀರು ಹೊಯ್ದರೆ ಫಿಟ್ಸ್ ಬರುವುದು ನಮ್ಮ ಮೈಸೂರು, ಮಂಡ್ಯ ಕಡೆ ಹೊಸದಲ್ಲ. ಆ ಕಾಯಿಲೆಗೇ ಬಿಸಿನೀರಿನ ಮೂರ್ಛೆ ಅಂತ ಹೆಸರಿದೆ, ಅದಕ್ಕೆ ಕಾರ್ಬಮಜೆಪಿನ್ ಅನ್ನುವ ಮಾತ್ರೆ ಕೊಡುವುದೂ ಉಂಟು. ನಮ್ಮ ಡಾಕ್ಟರೂ ಅದನ್ನೇ ಕೊಟ್ಟರು. ಫಿಟ್ಸ್ ಜಾಸ್ತಿಯಾಯಿತು. ಡೋಸ್ ಏರಿಸಿದರು. ಇನ್ನೂ ಜಾಸ್ತಿಯಾಯಿತು. ವಾರಕ್ಕೆ ಎರಡು, ಕೆಲವು ವಾರ ನಾಲ್ಕು. ಅವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿ ಇರಬೇಕಾಗಿದ್ದ ಕಾಗದ ಇರಲಿಲ್ಲ, ಅಷ್ಟೇ.

ಆ ಕಾಗದ 2019ರ ಅಕ್ಟೋಬರಿನಲ್ಲೇ ತಯಾರಾಗಿತ್ತು. ನನಗೆ ಗೊತ್ತಾದದ್ದು 2021ರ ಆಗಸ್ಟಿನಲ್ಲಿ, ಲಾಕ್‌ಡೌನ್ ಎಲ್ಲ ಮುಗಿದು, ಅಂಗವಿಕಲರ ಸರ್ಟಿಫಿಕೇಟಿಗೆ ಹಳೇ ದಾಖಲೆ ಬೇಕು ಅಂತ ಬೆಂಗಳೂರಿಗೆ ಹೋದಾಗ. ಅಲ್ಲಿನ ಸಿಸ್ಟರ್ ಹೆಸರು ನೋಡಿದ್ದೇ "ಅಯ್ಯೋ, ನಿಮಗೆ ಎಷ್ಟು ಸಲ ಫೋನ್ ಮಾಡಿದ್ವಿ! ಕಾಗದ ಹಾಕಿದ್ರೂ ವಾಪಸ್ ಬಂತು" ಅಂದರು. ಒಂದು ವರ್ಷ ಹತ್ತು ತಿಂಗಳು. ಆ ಲೆಕ್ಕ ನಾನು ಬಸ್ಸಿನಲ್ಲಿ ಬೆರಳು ಮಡಚಿ ಮಾಡಿದ್ದು.

ಎಸ್‌ಸಿಎನ್1ಎ ಅನ್ನುವ ಜೀನ್‌ನಲ್ಲಿ ದೋಷ, ಅದರಿಂದ ಡ್ರಾವೆ ಸಿಂಡ್ರೋಮ್ ಅನ್ನುವ ಮೂರ್ಛೆ ಕಾಯಿಲೆ. ಈ ಕಾಯಿಲೆಗೂ ಈ ಜೀನ್‌ಗೂ ನಂಟಿದೆ ಅಂತ ಗೊತ್ತಾದದ್ದು 2001ರಲ್ಲಿ. ಮಿದುಳಿನ ನರಕೋಶಗಳಲ್ಲಿ ಸೋಡಿಯಂ ಓಡಾಡುವ ಬಾಗಿಲುಗಳಿರುತ್ತವಂತೆ. ಈ ಮಕ್ಕಳಲ್ಲಿ, ಮಿದುಳಿನ ಗಲಾಟೆಯನ್ನು ಅಡಗಿಸುವ ಕೋಶಗಳಲ್ಲೇ ಆ ಬಾಗಿಲು ಅರ್ಧ ಕೆಟ್ಟಿರುತ್ತದೆ. ಕಾರ್ಬಮಜೆಪಿನ್ ಕೆಲಸ ಮಾಡುವುದು ಅದೇ ಬಾಗಿಲು ಮುಚ್ಚಿ. ಬೇರೆ ಮಕ್ಕಳಿಗೆ ಔಷಧಿ, ಇವಳಿಗೆ ಉರಿಯುವ ಒಲೆಗೆ ಸೌದೆ. (ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಏಕಾಏಕಿ ಬಿಟ್ಟರೆ ಅಪಾಯ. ನಮಗೂ ಡಾಕ್ಟರೇ ವಾರಗಟ್ಟಲೆ ಇಳಿಸಿದರು.) ಸಂಶೋಧನೆಯ ಫಲಿತಾಂಶ ನಂಬಿ ನೇರ ಔಷಧಿ ಬದಲಿಸಲಿಲ್ಲ, ಬೇರೆ ಲ್ಯಾಬಿಗೆ ಹೊಸ ರಕ್ತ ಕಳಿಸಿ ಖಾತ್ರಿ ಮಾಡಿಕೊಂಡರು. ವಾಲ್ಪ್ರೋಯೇಟ್, ಕ್ಲೋಬಜಾಮ್ ಅನ್ನುವ ಬೇರೆ ಔಷಧಿಗಳ ಮೇಲೆ ಈಗ ಫಿಟ್ಸ್ ತಿಂಗಳಿಗೊಂದು, ಒಮ್ಮೊಮ್ಮೆ ಅದೂ ಇಲ್ಲ. ನಾಲ್ಕನೇ ವರ್ಷಕ್ಕೆ ಅವಳು ಮರೆತ ಮಾತುಗಳು ಕಾರ್ಬಮಜೆಪಿನ್‌ನಿಂದ ಹೋದವೋ, ಕಾಯಿಲೆಯಿಂದ ಹೋದವೋ, ಯಾರೂ ಹೇಳಲಾರರು. ನನಗೆ ರಾತ್ರಿ ಹೊತ್ತು ಒಂದೇ ಉತ್ತರ ಹೊಳೆಯುತ್ತದೆ.

ಆ ಕಾಗದದಲ್ಲಿ ಇನ್ನೊಂದು ಸಾಲಿತ್ತು. ಈ ದೋಷ ತಂದೆ ತಾಯಿ ಇಬ್ಬರ ರಕ್ತದಲ್ಲೂ ಇಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು ಅಂತ. ಅಂದರೆ ಸಂಬಂಧದ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಇಂಜೆಕ್ಷನ್ ಕೂಡ ಕಾರಣವಲ್ಲ, ಜ್ವರ ಬರಿಸಿ ಇದ್ದದ್ದನ್ನು ಹೊರಗೆ ತಂದಿತ್ತು ಅಷ್ಟೇ. ನನ್ನ ಹೆಂಡತಿ ಆ ಸಾಲನ್ನು ಮೂರು ಸಲ ಓದಿಸಿಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಆ ಸಾಲನ್ನೂ ನಾನು ಅವಳಿಂದ ಅಷ್ಟು ದಿನ ತಪ್ಪಿಸಿದ್ದೆ. ಕೆಟ್ಟ ಸುದ್ದಿಯಿಂದ ಕಾಪಾಡಲು ಹೋಗಿ ಒಳ್ಳೇ ಸುದ್ದಿಯನ್ನೇ ತಡೆದಿದ್ದೆ.

ಈಗ ನಿಮ್ಮ ಪ್ರಶ್ನೆ. ಬೇಕೋ ಬೇಡವೋ ಅನ್ನುವುದೇ ಮುಖ್ಯ ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ. ಕಾಯಿಲೆಗೆ ಸಂಬಂಧಪಟ್ಟದ್ದಕ್ಕೆ ಕಣ್ಣು ಮುಚ್ಚಿ ಹೂಂ ಅನ್ನಿ. ಗುಣ ಮಾಡುವ ಔಷಧಿ ಇಲ್ಲದಿದ್ದ ಮೇಲೆ ತಿಳಿದು ಏನು ಪ್ರಯೋಜನ ಅಂತ ನಿಮ್ಮ ಮನೆಯವರು ಕೇಳಿದ್ದಾರಲ್ಲ, ಯಾವ ಮಾತ್ರೆ ಕೊಡಬಾರದು ಅನ್ನುವುದೂ ಪ್ರಯೋಜನವೇ. ಉಳಿದದ್ದರಲ್ಲಿ ಏನಾದರೂ ದಾರಿ ಇರುವ ಕಾಯಿಲೆಗಳನ್ನು ಮಾತ್ರ ಕೇಳಿ. ಅಮೆರಿಕದ ತಳಿವೈದ್ಯರ ಸಂಘ 2013ರಲ್ಲಿ ಅಂಥ 56 ಜೀನ್‌ಗಳ ಪಟ್ಟಿ ಮಾಡಿತ್ತು, ಈಗ ಅದು 80 ದಾಟಿದೆ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ಜೀನ್ ಅದರಲ್ಲಿದೆ. ಅದರ ದೋಷ ಮಗುವಿನಲ್ಲಿ ಸಿಕ್ಕರೆ ಸಾಮಾನ್ಯವಾಗಿ ನಿಮ್ಮಿಬ್ಬರಲ್ಲಿ ಒಬ್ಬರಲ್ಲೂ ಇರುತ್ತದೆ, ತಪಾಸಣೆ ಮೊದಲು ಬೇಕಾಗುವುದು ನಿಮಗೆ. ಇದನ್ನು ಕೇಳಿದ ಮೇಲೂ ಮನೆಯವರು ಬೇಡ ಅಂದರೆ ಬಿಟ್ಟುಬಿಡಿ, ಒತ್ತಾಯ ಮಾಡಬೇಡಿ. ನಡುವೆ ಮನಸ್ಸು ಬದಲಾದರೆ ಯಾರಿಗೆ ತಿಳಿಸಬೇಕು ಅಂತ ಕೇಳಿಟ್ಟುಕೊಳ್ಳಿ. ಮಗುವಿಗೆ ಏಳು ವರ್ಷ ತುಂಬಿದ್ದರೆ ಅವನನ್ನೂ ಕೇಳಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮದಲ್ಲೇ ಇದೆ.

ಆದರೆ ಕೊನೆ ಪುಟ ಮಾತ್ರ ನಿಮ್ಮ ಮನೆಯವರ ಕೈಗೆ ಕೊಟ್ಟು ಬರೆಸಿ. ಆರು ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ ವಿಚಾರಿಸಿ, ಅವರಿಗೆ ಕಿರಿಕಿರಿಯಾದರೆ ಆಗಲಿ. ನಮ್ಮ ಫೈಲಿನಲ್ಲಿ ಈಗ ಐದು ನಂಬರ್ ಇವೆ. ಮೊದಲನೆಯದು ಅವಳದು, ಎರಡನೆಯದು ನನ್ನದು, ಐದನೆಯದು ನಮ್ಮ ಬೀದಿಯ ದಿನಸಿ ಅಂಗಡಿಯವರದು. ಇಪ್ಪತ್ತು ವರ್ಷದಿಂದ ಅವರು ನಂಬರ್ ಬದಲಾಯಿಸಿಲ್ಲ.